ಮೈಎಸ್‌ಕ್ಯೂಎಲ್, ಪಿಎಚ್‌ಪಿಮೈಅಡ್ಮಿನ್ ಹೊಸ ವರ್ಷನ್‌ಗೆ ಹೋಗುವಾಗ: ಬಟವಾಡೆ ನಿಲ್ಲದ ಹಾಗೆ ಅಪ್‌ಗ್ರೇಡ್ ಮಾಡುವುದು ಹೇಗೆ

ಚಿಕ್ಕಮಗಳೂರಿನಲ್ಲಿ ನನ್ನ ಕೆಲಸ ಕಾಫಿ ತೋಟಗಳ ಚೆಕ್‌ರೋಲ್ ಸಾಫ್ಟ್‌ವೇರ್ ನೋಡಿಕೊಳ್ಳುವುದು. ಆಳುಗಳ ಹಾಜರಿ, ಕೊಯ್ಲಿನ ತೂಕ, ವಾರದ ಬಟವಾಡೆ. ಬರೆದದ್ದು ಪಿಎಚ್‌ಪಿಯಲ್ಲಿ, ಡೇಟಾ ಇರುವುದು ಮೈಎಸ್‌ಕ್ಯೂಎಲ್‌ನಲ್ಲಿ, ಅದನ್ನು ತೆಗೆದು ನೋಡುವುದು ಪಿಎಚ್‌ಪಿಮೈಅಡ್ಮಿನ್‌ನಲ್ಲಿ. ಹಾಸನ, ಸಕಲೇಶಪುರದ ಕಡೆ ಇದೇ ಕೆಲಸ ಮಾಡುವ ಹುಡುಗರು ಆಗಾಗ ಫೋನ್ ಮಾಡುತ್ತಾರೆ. "ಅಣ್ಣಾ, ಹೊಸ ವರ್ಷನ್ ಹಾಕಿದ ಮೇಲೆ ರಿಪೋರ್ಟೇ ಬರ್ತಿಲ್ಲ, ಏನ್ ಮಾಡ್ಲಿ?" ಪ್ರತಿ ಸಲ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಒಂದೇ ಸಲ ಪೂರ್ತಿ ಬರೆದಿಡೋಣ ಅಂತ ಕೂತಿದ್ದೇನೆ.

ನನಗೆ ಇದರ ಬಿಸಿ ತಟ್ಟಿದ್ದು ಒಂದು ಡಿಸೆಂಬರ್ ಶನಿವಾರ. ಆಲ್ದೂರು ಕಡೆಯ ತೋಟವೊಂದರ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು. "ಸರ್, ಗ್ಯಾಂಗ್ ಪಟ್ಟಿ ತೆಗೆದ್ರೆ ಏನೋ ಎರರ್ ಬರ್ತಿದೆ, ಮಧ್ಯಾಹ್ನ ಬಟವಾಡೆ ಇದೆ." ನೋಡಿದರೆ ಹೋಸ್ಟಿಂಗ್ ಕೊಟ್ಟ ಕಂಪನಿಯವರು ರಾತ್ರೋರಾತ್ರಿ ಮೈಎಸ್‌ಕ್ಯೂಎಲ್ ಸರ್ವರನ್ನು 5.7ರಿಂದ 8.0ಕ್ಕೆ ಏರಿಸಿದ್ದರು. ಕೊಯ್ಲಿನ ಗ್ಯಾಂಗ್‌ಗಳ ಟೇಬಲ್‌ಗೆ ನಾನು ಇಟ್ಟಿದ್ದ ಹೆಸರು 'ಗ್ರೂಪ್ಸ್'. ಅಷ್ಟು ವರ್ಷ ಆ ಹೆಸರಿಗೆ ಯಾವ ತಕರಾರೂ ಇರಲಿಲ್ಲ. 8.0ರಲ್ಲಿ 'ಗ್ರೂಪ್ಸ್' ಅನ್ನುವುದು ಮೈಎಸ್‌ಕ್ಯೂಎಲ್‌ನ ಸ್ವಂತ ಪದವಾಯಿತು, ರಿಸರ್ವ್ಡ್ ವರ್ಡ್ ಅನ್ನುತ್ತಾರಲ್ಲ, ಅದು. ಹಾಗಾಗಿ ಆ ಟೇಬಲ್ ಮುಟ್ಟುವ ಪ್ರತಿಯೊಂದು ಕ್ವೆರಿಯೂ (ಡೇಟಾ ಕೇಳುವ ಆದೇಶ) 1064 ಎರರ್ ಕೊಟ್ಟು ನಿಂತಿತು. ಅವತ್ತು ತೂಕದ ಪುಸ್ತಕ ನೋಡಿಕೊಂಡು ಕೈಯಲ್ಲೇ ಲೆಕ್ಕ ಹಾಕಿ ದುಡ್ಡು ಕೊಟ್ಟರು. ಕೊನೆಯವರ ಕೈಗೆ ಕೂಲಿ ಸೇರುವಾಗ ಕತ್ತಲಾಗಿತ್ತು.

ಆಮೇಲಿಂದ ನಾನು ರಿಲೀಸ್ ನೋಟ್ಸ್ ಓದುವ ಕ್ರಮವನ್ನೇ ತಿರುಗಿಸಿದೆ. ಮೊದಲು ಏನು ತೆಗೆದಿದ್ದಾರೆ ಅನ್ನುವುದನ್ನು ಓದುತ್ತೇನೆ, ಆಮೇಲೆ ಯಾವ ಡೀಫಾಲ್ಟ್ ಬದಲಾಗಿದೆ ಅಂತ ನೋಡುತ್ತೇನೆ, ಹೊಸದಾಗಿ ಬಂದದ್ದು ಕೊನೆಗೆ. ಮೈಎಸ್‌ಕ್ಯೂಎಲ್ ಮ್ಯಾನುಯಲ್‌ನಲ್ಲಿ ಪ್ರತಿ ದೊಡ್ಡ ವರ್ಷನ್‌ಗೂ 'ಹೊಸತೇನು' ಅಂತ ಒಂದು ಭಾಗ ಇರುತ್ತದೆ, ಅದರೊಳಗೆ ಸೇರಿಸಿದ್ದು, ಮುಂದೆ ತೆಗೆಯಲಿರುವುದು, ತೆಗೆದದ್ದು ಅಂತ ಬೇರೆ ಬೇರೆ ಪಟ್ಟಿಗಳಿವೆ. ಕೊನೆಯ ಪಟ್ಟಿಯಿಂದ ಶುರು ಮಾಡಿ.

ನಿಮ್ಮಲ್ಲಿ ಯಾವ ವರ್ಷನ್ ಇದೆ?

ಹೀಗೆ ಕೇಳಿದರೆ "ನನ್ನದು 5.2" ಅಂತ ಹೇಳುತ್ತಾರೆ. ಯಾವುದರ 5.2? ಪಿಎಚ್‌ಪಿಮೈಅಡ್ಮಿನ್‌ಗೆ ಒಂದು ವರ್ಷನ್, ಪಿಎಚ್‌ಪಿಗೆ ಇನ್ನೊಂದು, ಡೇಟಾಬೇಸ್ ಸರ್ವರ್‌ಗೆ ಮತ್ತೊಂದು. ಮೂರೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಪಿಎಚ್‌ಪಿಮೈಅಡ್ಮಿನ್ ಒಳಗೆ ಹೋದ ತಕ್ಷಣ ಮುಖಪುಟದ ಬಲಗಡೆ ಡೇಟಾಬೇಸ್ ಸರ್ವರ್, ವೆಬ್ ಸರ್ವರ್, ಪಿಎಚ್‌ಪಿಮೈಅಡ್ಮಿನ್ ಅಂತ ಮೂರು ಚೌಕ ಕಾಣುತ್ತವೆ. ಮೂರರಲ್ಲಿರುವ ನಂಬರ್‌ಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಅಲ್ಲೇ 'ಸರ್ವರ್ ಟೈಪ್' ಅನ್ನುವ ಸಾಲನ್ನೂ ನೋಡಿ. ಆಫೀಸ್ ಕಂಪ್ಯೂಟರಿನಲ್ಲಿ ಕ್ಸಾಂಪ್ (ವೆಬ್ ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಎಲ್ಲ ಒಟ್ಟಿಗೆ ಬರುವ ಪ್ಯಾಕೇಜ್) ಹಾಕಿಕೊಂಡವರು ತಮ್ಮದು ಮೈಎಸ್‌ಕ್ಯೂಎಲ್ ಅಂದುಕೊಂಡಿರುತ್ತಾರೆ, ಯಾಕೆಂದರೆ ಬಟನ್ ಮೇಲೆ ಹಾಗೇ ಬರೆದಿದೆ. ಒಳಗೆ ಓಡುತ್ತಿರುವುದು ಮರಿಯಾಡಿಬಿ. ಎರಡೂ ಒಂದೇ ಬೇರಿನಿಂದ ಬಂದವು, ಆದರೆ ಈಗ ದಾರಿ ಬೇರೆ ಬೇರೆ. ಮನೆಯ ಕಂಪ್ಯೂಟರಿನಲ್ಲಿ ಸರಿಯಾಗಿ ಓಡಿದ್ದು ಸರ್ವರಿನಲ್ಲಿ ಬೀಳುವುದಕ್ಕೆ ಅರ್ಧಕ್ಕರ್ಧ ಕಾರಣ ಇದೇ, ಮುಂದೆ ಬರುತ್ತದೆ ನೋಡಿ.

ಪಿಎಚ್‌ಪಿಮೈಅಡ್ಮಿನ್ ಬದಲಾದ ಬಗೆ

ಇದು 1998ರಲ್ಲಿ ಟೋಬಿಯಾಸ್ ರಾಟ್ಶಿಲ್ಲರ್ ಶುರು ಮಾಡಿದ ಸಾಫ್ಟ್‌ವೇರ್. ಅವರಿಗೆ ಸಮಯ ಸಾಲದೆ ಬಿಟ್ಟ ಮೇಲೆ 2001ರಲ್ಲಿ ಬೇರೆ ಮೂವರು ಕೈಗೆತ್ತಿಕೊಂಡರು. 2013ರ 4.0ರಲ್ಲಿ ಹಳೆಯ ಫ್ರೇಮ್‌ಗಳು ಹೋಗಿ ಎಡಗಡೆ ಮರದ ಹಾಗೆ ಬಿಚ್ಚಿಕೊಳ್ಳುವ ಪಟ್ಟಿ ಬಂತು, ಜಾವಾಸ್ಕ್ರಿಪ್ಟ್ ಇಲ್ಲದೆ ನಡೆಯದ ಹಾಗಾಯಿತು. 2018ರ 4.8ರಲ್ಲಿ ಎರಡು ಹಂತದ ಲಾಗಿನ್ ಬಂತು. ಪಾಸ್‌ವರ್ಡ್ ಜೊತೆಗೆ ಮೊಬೈಲ್ ಆ್ಯಪ್ ತೋರಿಸುವ ಆರು ಅಂಕಿಯನ್ನೂ ಹಾಕಬೇಕು. ಇದನ್ನು ದಯವಿಟ್ಟು ಹಾಕಿಕೊಳ್ಳಿ. ಸೆಟ್ಟಿಂಗ್ಸ್ ಒಳಗೆ ಅದಕ್ಕೇ ಒಂದು ಟ್ಯಾಬ್ ಇದೆ, ಆದರೆ ಕಾನ್ಫಿಗರೇಶನ್ ಸ್ಟೋರೇಜ್ ಅನ್ನುವ, ಪಿಎಚ್‌ಪಿಮೈಅಡ್ಮಿನ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಟೇಬಲ್‌ಗಳು ಮೊದಲೇ ತಯಾರಿರಬೇಕು. ನೂರಾರು ಜನರ ಕೂಲಿ ಲೆಕ್ಕ ಒಂದೇ ಪಾಸ್‌ವರ್ಡಿನ ಹಿಂದೆ ಇರುವುದು ಸರಿಯಲ್ಲ.

ಮುಖ್ಯವಾದದ್ದು ಪಿಎಚ್‌ಪಿ ಜೊತೆಗಿನ ಹೊಂದಾಣಿಕೆ. 4.9 ಹಳೆಯ ಪಿಎಚ್‌ಪಿ 5.5ರ ಮೇಲೂ ಓಡುತ್ತದೆ, 7.4ರ ತನಕ ಸರಿ. 2019ರ ಡಿಸೆಂಬರಿನಲ್ಲಿ ಬಂದ 5.0ಕ್ಕೆ ಪಿಎಚ್‌ಪಿ 7.1 ಬೇಕು, 2021ರ 5.1ಕ್ಕೂ ಅಷ್ಟೇ. 2022ರ ಮೇನಲ್ಲಿ ಬಂದ 5.2ಕ್ಕೆ 7.2 ಬೇಕು. ಇದನ್ನು ತಿರುವು ಹಾಕಿ ನೋಡಿದರೆ, ಪಿಎಚ್‌ಪಿಯನ್ನು 8ಕ್ಕೆ ಏರಿಸಿ ಪಿಎಚ್‌ಪಿಮೈಅಡ್ಮಿನ್ 4.9ನ್ನು ಹಾಗೇ ಬಿಟ್ಟರೆ ಪರದೆ ತುಂಬ ವಾರ್ನಿಂಗ್ ಬರುತ್ತದೆ. ಆಗ ಸಾಫ್ಟ್‌ವೇರ್ ಕೆಟ್ಟಿಲ್ಲ, ಜೋಡಿ ತಪ್ಪಿದೆ ಅಷ್ಟೇ. ಈಗ ಹೊಸದಾಗಿ ಹಾಕುವವರು ಸುಮ್ನೆ 5.2 ಸಾಲಿನ ಕೊನೆಯದನ್ನೇ ಹಾಕಿ.

ಹಾಕುವಾಗ ತುಂಬ ಜನ ಮಾಡುವ ತಪ್ಪು ಒಂದಿದೆ. ಹೊಸ ಜಿಪ್ ಫೈಲನ್ನು ಹಳೆಯ ಫೋಲ್ಡರ್ ಮೇಲೇ ಬಿಚ್ಚುತ್ತಾರೆ. ಹಾಗೆ ಮಾಡಿದರೆ ಹೊಸ ವರ್ಷನ್‌ನಲ್ಲಿ ಇಲ್ಲದ ಹಳೆಯ ಫೈಲ್‌ಗಳು ಅಲ್ಲೇ ಉಳಿದು ಬಿಡುತ್ತವೆ. ಏನೋ ಒಂದು ಪೇಜ್ ಬರುತ್ತದೆ, ಇನ್ನೊಂದು ಬರುವುದಿಲ್ಲ, ಯಾಕೆ ಅಂತ ತಿಳಿಯುವುದಿಲ್ಲ. ಹಳೆಯ ಭದ್ರತಾ ದೋಷಗಳೂ ಹಾಗೇ ಉಳಿದಿರಬಹುದು. ಸರಿಯಾದ ದಾರಿ ಹೀಗೆ: ಹಳೆಯ ಫೋಲ್ಡರಿನ ಹೆಸರು ಬದಲಿಸಿ ಪಕ್ಕಕ್ಕಿಡಿ, ಹೊಸದನ್ನು ಖಾಲಿ ಜಾಗದಲ್ಲಿ ಬಿಚ್ಚಿ, ಹಳೆಯದರಿಂದ ಕಾನ್ಫಿಗ್ ಫೈಲ್ ಒಂದನ್ನು ಮಾತ್ರ ಕಾಪಿ ಮಾಡಿ ತನ್ನಿ. ನೀವೇ ಥೀಮ್ ಹಾಕಿಕೊಂಡಿದ್ದರೆ ಈ ಹೊತ್ತಿಗೆ ಅದನ್ನು ತರಬೇಡಿ.

ಆ ಕಾನ್ಫಿಗ್ ಫೈಲಿನಲ್ಲಿ ಬ್ಲೋಫಿಶ್ ಸೀಕ್ರೆಟ್ ಅಂತ ಒಂದು ಸಾಲು ಇರುತ್ತದೆ. ಲಾಗಿನ್ ಕುಕಿಯನ್ನು ಬೀಗ ಹಾಕುವ ಕೀಲಿ ಅದು. ಮೊದಲು ಎಷ್ಟು ಉದ್ದ ಬರೆದರೂ ನಡೆಯುತ್ತಿತ್ತು. 5.2ರಿಂದ ಅದು ಸರಿಯಾಗಿ 32 ಬೈಟ್ ಇರಬೇಕು. ಇಂಗ್ಲಿಷ್ ಅಕ್ಷರ, ಅಂಕಿ ಸೇರಿಸಿ ಎಣಿಸಿ 32 ಹಾಕಿ. ಆಮೇಲೆ 'ಟಿಎಂಪಿ' ಅನ್ನುವ ಫೋಲ್ಡರ್ ಮಾಡಿ ವೆಬ್ ಸರ್ವರ್‌ಗೆ ಅದರಲ್ಲಿ ಬರೆಯಲು ಅನುಮತಿ ಕೊಡಿ, ಇಲ್ಲದಿದ್ದರೆ ನಿಧಾನ ಆಗುತ್ತದೆ, ಕೆಳಗೆ ಎಚ್ಚರಿಕೆಯೂ ಬರುತ್ತಿರುತ್ತದೆ. ತೀರಾ ಹಳೆಯ ವರ್ಷನ್‌ನಿಂದ ಬರುತ್ತಿದ್ದರೆ ಜೊತೆಗೆ ಬರುವ 'ಎಸ್‌ಕ್ಯೂಎಲ್' ಫೋಲ್ಡರಿನಲ್ಲಿ ಅಪ್‌ಗ್ರೇಡ್ ಸ್ಕ್ರಿಪ್ಟ್‌ಗಳಿವೆ, ನೀವು ಬರುತ್ತಿರುವ ವರ್ಷನ್‌ಗೆ ತಕ್ಕದ್ದನ್ನು ಓಡಿಸಿ.

ಇನ್ನೊಂದು ಚಿಕ್ಕ ವಿಷಯ, ಎಲ್ಲರೂ ಕೇಳುತ್ತಾರೆ. ಕಾಫಿ ಕುಡಿದು ಬರುವಷ್ಟರಲ್ಲಿ ಲಾಗೌಟ್ ಆಗಿರುತ್ತದೆ. ಅದು 1440 ಸೆಕೆಂಡ್, ಅಂದರೆ 24 ನಿಮಿಷ. ಜಾಸ್ತಿ ಬೇಕಿದ್ದರೆ ಪಿಎಚ್‌ಪಿಮೈಅಡ್ಮಿನ್‌ನ ಲಾಗಿನ್ ಕುಕಿ ಅವಧಿಯನ್ನು ಏರಿಸಿದರೆ ಸಾಲದು, ಪಿಎಚ್‌ಪಿಯ ಸೆಷನ್ ಅವಧಿಯನ್ನೂ ಅಷ್ಟಕ್ಕೇ ಏರಿಸಬೇಕು. ಅದರ ಡೀಫಾಲ್ಟೂ 1440.

ಮೈಎಸ್‌ಕ್ಯೂಎಲ್ 5.7ರಲ್ಲೇ ಬಿಗಿಯಾದದ್ದು

ಇನ್ನೂ 5.5, 5.6ರಲ್ಲಿ ಇರುವವರು ಇದ್ದಾರೆ. ಅವರು ನೇರವಾಗಿ 8.0ಕ್ಕೆ ಹಾರಲು ಆಗುವುದಿಲ್ಲ, 5.6ರಿಂದ 5.7, ಅಲ್ಲಿಂದ 8.0. ಹಾಗೇ 5.7ರಿಂದ 8.4ಕ್ಕೂ ನೇರ ದಾರಿ ಇಲ್ಲ, ನಡುವೆ 8.0 ಬೇಕು. ಡಂಪ್ ತೆಗೆದು, ಅಂದರೆ ಡೇಟಾವನ್ನೆಲ್ಲ ಒಂದು ಫೈಲಿಗೆ ಬರೆಸಿಕೊಂಡು, ಹೊಸ ಸರ್ವರಿಗೆ ತುಂಬಿಸುವುದು ಬೇರೆ ಮಾತು. ಚಿಕ್ಕ ಡೇಟಾಬೇಸ್‌ಗಳಿಗೆ ನಾನು ಅದನ್ನೇ ಮಾಡುತ್ತೇನೆ.

5.7ರಲ್ಲಿ ಎರಡು ಕಡೆ ಪೆಟ್ಟು ಬೀಳುತ್ತದೆ. ಒಂದು, ಸೊನ್ನೆ ತಾರೀಖು. ಆಳು ಇನ್ನೂ ಕೆಲಸದಲ್ಲಿದ್ದಾರೆ ಅಂತ ತೋರಿಸಲು ಬಿಟ್ಟ ದಿನಾಂಕದ ಜಾಗದಲ್ಲಿ 0000-00-00 ತುಂಬುವುದು ಹಳೆಯ ಅಭ್ಯಾಸ. ನಾನೂ ಮಾಡಿದ್ದೆ. 5.7ರ ಡೀಫಾಲ್ಟ್ ಸೆಟ್ಟಿಂಗ್ ಅದನ್ನು ಒಪ್ಪುವುದಿಲ್ಲ. ಹಳೆಯ ಸಾಲುಗಳು ಟೇಬಲ್‌ನಲ್ಲಿ ಇದ್ದ ಹಾಗೇ ಇರುತ್ತವೆ, ಆದರೆ ಆ ಟೇಬಲ್‌ಗೆ ಒಂದು ಕಾಲಂ ಸೇರಿಸಲು ಹೋದಾಗ 1292 ಎರರ್ ಬಂದು ನಿಲ್ಲುತ್ತದೆ. ಪರಿಹಾರ: ಆ ಕಾಲಂ ಖಾಲಿ ಇರಬಹುದು ಅಂತ ಬದಲಿಸಿ, ಸೊನ್ನೆ ಇರುವ ಕಡೆ ನಲ್ ಹಾಕಿ. ಈ ಕೆಲಸ ಮಾಡುವ ಹೊತ್ತಿಗೆ ಮಾತ್ರ ಆ ಸೆಷನ್‌ನ ಎಸ್‌ಕ್ಯೂಎಲ್ ಮೋಡ್ (ಸರ್ವರ್ ಎಷ್ಟು ಬಿಗಿಯಾಗಿ ನಡೆಯಬೇಕು ಅನ್ನುವ ಸೆಟ್ಟಿಂಗ್) ಖಾಲಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಸೊನ್ನೆ ತಾರೀಖನ್ನು ಹುಡುಕಲೂ ಬಿಡುವುದಿಲ್ಲ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಮಾಡುವುದಾದರೆ ಮೋಡ್ ಖಾಲಿ ಮಾಡುವ ಸಾಲು, ಕಾಲಂ ಬದಲಿಸುವ ಸಾಲು, ಅಪ್‌ಡೇಟ್ ಸಾಲು, ಮೂರನ್ನೂ ಒಂದೇ ಎಸ್‌ಕ್ಯೂಎಲ್ ಬಾಕ್ಸ್‌ನಲ್ಲಿ ಒಟ್ಟಿಗೆ ಹಾಕಿ ಓಡಿಸಿ, ಪ್ರತಿ ಸಲ ಗೋ ಒತ್ತಿದಾಗಲೂ ಅದು ಹೊಸ ಕನೆಕ್ಷನ್. ಆಮೇಲೆ ಪ್ರೋಗ್ರಾಮಿನಲ್ಲಿ ಸೊನ್ನೆಗೆ ಹೋಲಿಸುವ ಕಡೆಯೆಲ್ಲ 'ಈಸ್ ನಲ್' ಅಂತ ತಿದ್ದಿ. ಇದನ್ನು ಮರೆತರೆ ಎಲ್ಲ ಆಳುಗಳೂ ಕೆಲಸ ಬಿಟ್ಟ ಹಾಗೆ ಪಟ್ಟಿ ಖಾಲಿ ಬರುತ್ತದೆ.

ಇನ್ನೊಂದು, ಗ್ರೂಪ್ ಬೈ. ವಾರದ ಕೊಯ್ಲಿನ ರಿಪೋರ್ಟ್ ತಗೊಳ್ಳಿ. ಆಳಿನ ನಂಬರ್ ಪ್ರಕಾರ ಗುಂಪು ಮಾಡಿ, ತೂಕದ ಮೊತ್ತ ಕೇಳಿ, ಜೊತೆಗೆ ಬ್ಲಾಕಿನ ಹೆಸರನ್ನೂ ಕೇಳುತ್ತೀರಿ. ಒಬ್ಬರು ಸೋಮವಾರ ಮೇಲಿನ ಬ್ಲಾಕಿನಲ್ಲಿ, ಗುರುವಾರ ಹೊಳೆ ಪಕ್ಕದ ಬ್ಲಾಕಿನಲ್ಲಿ ಕೊಯ್ದಿದ್ದಾರೆ. ಒಂದೇ ಸಾಲಿನಲ್ಲಿ ಯಾವ ಬ್ಲಾಕ್ ತೋರಿಸಬೇಕು? ಹಳೆಯ ಮೈಎಸ್‌ಕ್ಯೂಎಲ್ ತನಗೆ ಸಿಕ್ಕಿದ್ದನ್ನು ತೋರಿಸಿ ಬಿಡುತ್ತಿತ್ತು. 5.7 ಮಾತ್ರ 1055 ಎರರ್ ಕೊಟ್ಟು ನಿಮ್ಮನ್ನೇ ಕೇಳುತ್ತದೆ. ಇಲ್ಲಿ ಹೊಸ ವರ್ಷನ್ ಮಾಡುವುದೇ ನ್ಯಾಯ, ಹಳೆಯ ರಿಪೋರ್ಟ್ ಅಷ್ಟು ದಿನ ತಪ್ಪು ಬ್ಲಾಕಿಗೆ ತೂಕ ಬರೆಯುತ್ತಿತ್ತು. ಹಾಗಾಗಿ ಈ ಬಿಗಿ ತರುವ ಎಸ್‌ಕ್ಯೂಎಲ್ ಮೋಡನ್ನು ಆಫ್ ಮಾಡಿ ಮುಂದೆ ಹೋಗಬೇಡಿ, ಕ್ವೆರಿ ತಿದ್ದಿ. ಬ್ಲಾಕ್ ಬೇಕೇ ಬೇಕು ಅಂದರೆ ಅದನ್ನೂ ಗ್ರೂಪ್ ಬೈನಲ್ಲಿ ಸೇರಿಸಿ, ಆಗ ಆ ಆಳಿಗೆ ಎರಡು ಸಾಲು ಬರುತ್ತವೆ, ಅದೇ ನಿಜವಾದ ಲೆಕ್ಕ. ಹೇಗಿದ್ದರೂ ಒಂದೇ ಇರುವ ಹೆಸರಿನಂಥ ಕಾಲಂಗೆ 'ಮ್ಯಾಕ್ಸ್' ಹಾಕಿದರೆ ಸಾಕು. ಕ್ಸಾಂಪ್‌ನ ಮರಿಯಾಡಿಬಿಯಲ್ಲಿ ಈ ಬಿಗಿ ಡೀಫಾಲ್ಟ್ ಆಗಿ ಇರುವುದಿಲ್ಲ. ಮನೆಯಲ್ಲಿ ಓಡಿ ಸರ್ವರಿನಲ್ಲಿ ಬೀಳುವುದು ಅಂದೆನಲ್ಲ, ಇದೇ ಅದು.

8.0: ಹೆಸರು, ಸಾಲು, ಲಾಗಿನ್

8.0 ಬಂದದ್ದು 2018ರ ಏಪ್ರಿಲ್‌ನಲ್ಲಿ. 5.7ಕ್ಕೆ ಕೊನೆಯ ಅಪ್‌ಡೇಟ್ 2023ರ ಅಕ್ಟೋಬರ್‌ಗೆ ನಿಂತಿತು. ಅಂದರೆ 5.7ರಲ್ಲೇ ಕೂತಿರುವುದು ಈಗ ಸುರಕ್ಷಿತ ಅಲ್ಲ.

ಹೆಸರಿನ ವಿಷಯ ಮೇಲೆ ಹೇಳಿದೆ. 'ಗ್ರೂಪ್ಸ್' ಒಂದೇ ಅಲ್ಲ. 'ರ‍್ಯಾಂಕ್', 'ಸಿಸ್ಟಮ್', 'ವಿಂಡೋ', 'ಲೀಡ್', 'ಲ್ಯಾಗ್' ಕೂಡ ಈಗ ಮೈಎಸ್‌ಕ್ಯೂಎಲ್‌ನವು. ಶಾಲೆಗಳ ಮಾರ್ಕ್ಸ್ ಕಾರ್ಡ್ ಸಾಫ್ಟ್‌ವೇರ್ ಇರುವವರು 'ರ‍್ಯಾಂಕ್' ಕಾಲಂ ಖಂಡಿತ ಇಟ್ಟಿರುತ್ತೀರಿ, ಈಗಲೇ ನೋಡಿ. ತುರ್ತಿಗೆ ಹೆಸರಿನ ಎರಡೂ ಕಡೆ ಬ್ಯಾಕ್‌ಟಿಕ್ (`) ಹಾಕಿದರೆ ನಡೆಯುತ್ತದೆ. ಆ ಶನಿವಾರ ಹದಿನಾಲ್ಕು ಕಡೆ ಬ್ಯಾಕ್‌ಟಿಕ್ ಹಾಕಿದೆ. ಸೀಸನ್ ಮುಗಿದ ಮೇಲೆ ಟೇಬಲ್ ಹೆಸರನ್ನೇ 'ಗ್ಯಾಂಗ್' ಅಂತ ಬದಲಿಸಿದೆ. ತೋಟದಲ್ಲಿ ಜನ ಕರೆಯುವುದೂ ಅದನ್ನೇ.

ಸಾಲಿನ ಕ್ರಮ ಸದ್ದಿಲ್ಲದೆ ಬದಲಾಗುತ್ತದೆ, ಎರರ್ ಏನೂ ಬರುವುದಿಲ್ಲ. ಹಿಂದೆ ಗ್ರೂಪ್ ಬೈ ಹಾಕಿದರೆ ಫಲಿತಾಂಶ ತಾನಾಗಿ ಆ ಕಾಲಂ ಪ್ರಕಾರ ಜೋಡಣೆಯಾಗಿ ಬರುತ್ತಿತ್ತು. 8.0ರಲ್ಲಿ ಆ ಅಭ್ಯಾಸ ತೆಗೆದರು. ಬಟವಾಡೆ ಪಟ್ಟಿ ಪ್ರಿಂಟ್ ತೆಗೆದು ರೈಟರ್ ಹೆಸರು ಕೂಗುತ್ತಾ ಹೋಗುತ್ತಾರೆ. 1, 2, 3 ಅಂತ ಇದ್ದ ಪಟ್ಟಿ 17, 4, 52 ಅಂತ ಬಂದರೆ ಯಾರಿಗೆ ಕೊಟ್ಟಾಯಿತು ಯಾರಿಗೆ ಇಲ್ಲ ಅನ್ನುವುದೇ ಗೊಂದಲ. ಕ್ರಮ ಬೇಕಾದ ಪ್ರತಿ ಕ್ವೆರಿಗೂ 'ಆರ್ಡರ್ ಬೈ' ಬರೆಯಿರಿ. ಇದನ್ನು ಹುಡುಕುವುದು ಸುಲಭ: ನಿಮ್ಮ ಕೋಡ್ ಫೋಲ್ಡರ್ ಪೂರ್ತಿ 'ಗ್ರೂಪ್ ಬೈ' ಅಂತ ಹುಡುಕಿ, ಪಕ್ಕದಲ್ಲಿ 'ಆರ್ಡರ್ ಬೈ' ಇಲ್ಲದ್ದನ್ನೆಲ್ಲ ಗುರುತು ಹಾಕಿ.

ಲಾಗಿನ್. 8.0ರಲ್ಲಿ ಹೊಸ ಯೂಸರ್ ಮಾಡಿದರೆ ಪಾಸ್‌ವರ್ಡ್ ಪರಿಶೀಲಿಸುವ ವಿಧಾನವೇ ಬೇರೆ, 'ಕ್ಯಾಶಿಂಗ್ ಶಾ2' ಅನ್ನುತ್ತಾರೆ. ಹಳೆಯ ಪಿಎಚ್‌ಪಿಗೆ ಇದು ಗೊತ್ತಿಲ್ಲ, 'ಸರ್ವರ್ ಕೇಳಿದ ವಿಧಾನ ನನಗೆ ತಿಳಿಯದು' ಅನ್ನುವ ಅರ್ಥದ ಎರರ್ ಕೊಡುತ್ತದೆ. ಪಿಎಚ್‌ಪಿ 7.4ರಿಂದ ಇದಕ್ಕೆ ಪೂರ್ತಿ ಬೆಂಬಲ ಇದೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಎಲ್ಲರೂ ಕೊಡುವ ಸಲಹೆ 'ನೇಟಿವ್ ಪಾಸ್‌ವರ್ಡ್'ಗೆ ವಾಪಸ್ ಬದಲಿಸಿ ಅಂತ. ಅವತ್ತಿನ ಮಟ್ಟಿಗೆ ಸರಿ, ಆದರೆ 8.4ರಲ್ಲಿ ಆ ಹಳೆಯ ವಿಧಾನ ಡೀಫಾಲ್ಟ್ ಆಗಿ ಬಂದ್, 9.0ರಲ್ಲಿ ಪೂರ್ತಿ ತೆಗೆದಿದ್ದಾರೆ. ಹಾಗಾಗಿ ಪಿಎಚ್‌ಪಿಯನ್ನೇ ಏರಿಸಿ, ಆಮೇಲೆ ಪಿಎಚ್‌ಪಿಮೈಅಡ್ಮಿನ್‌ನ ಯೂಸರ್ ಅಕೌಂಟ್ಸ್‌ಗೆ ಹೋಗಿ ಒಬ್ಬೊಬ್ಬ ಯೂಸರ್‌ನ ಪಾಸ್‌ವರ್ಡ್ ಬದಲಿಸುವಾಗ ಹೊಸ ವಿಧಾನ ಆರಿಸಿ. ಹಾಗೇ, 'ಗ್ರಾಂಟ್' (ಹಕ್ಕು) ಕೊಡುವಾಗಲೇ ಪಾಸ್‌ವರ್ಡ್ ಬರೆದು ಯೂಸರ್ ಹುಟ್ಟಿಸುವ ಹಳೆಯ ಸ್ಕ್ರಿಪ್ಟ್‌ಗಳು 8.0ರಲ್ಲಿ ಓಡುವುದಿಲ್ಲ. ಮೊದಲು ಯೂಸರ್ ಮಾಡಿ, ಆಮೇಲೆ ಗ್ರಾಂಟ್.

ಸರ್ವರ್ ಶುರುವೇ ಆಗದಿದ್ದರೆ ಸೆಟ್ಟಿಂಗ್ ಫೈಲ್ ತೆಗೆದು ಕ್ವೆರಿ ಕ್ಯಾಶ್ (ಕ್ವೆರಿಯ ಉತ್ತರವನ್ನು ನೆನಪಿಟ್ಟುಕೊಳ್ಳುವ ಹಳೆಯ ಸೌಲಭ್ಯ) ಸಾಲುಗಳಿವೆಯಾ ನೋಡಿ. 8.0ರಲ್ಲಿ ಕ್ವೆರಿ ಕ್ಯಾಶ್ ಇಲ್ಲವೇ ಇಲ್ಲ, ಆ ಸಾಲು ಕಂಡರೆ ಸರ್ವರ್ ಮೇಲೇಳುವುದಿಲ್ಲ. ಎಸ್‌ಕ್ಯೂಎಲ್ ಮೋಡ್ ಪಟ್ಟಿಯಲ್ಲಿ 'ನೋ ಆಟೋ ಕ್ರಿಯೇಟ್ ಯೂಸರ್' ಇದ್ದರೂ ಹಾಗೇ.

ಕನ್ನಡ ಅಕ್ಷರ ಕೆಡದ ಹಾಗೆ

ನಮಗೆ ಇದೇ ಎಲ್ಲಕ್ಕಿಂತ ಮುಖ್ಯ. ಆಳುಗಳ ಹೆಸರು, ಊರು, ಬ್ಲಾಕಿನ ಹೆಸರು ಎಲ್ಲ ಕನ್ನಡದಲ್ಲಿರುತ್ತದೆ, ಇರಬೇಕು ಕೂಡ, ಹೆಬ್ಬೆಟ್ಟು ಒತ್ತುವ ಮೊದಲು ಮಗಳ ಕೈಲಿ ಓದಿಸಿ ನೋಡುವವರು ತುಂಬ ಜನ ಇದ್ದಾರೆ.

8.0ರಿಂದ ಡೀಫಾಲ್ಟ್ ಅಕ್ಷರ ಸೆಟ್ ಯುಟಿಎಫ್8ಎಂಬಿ4. ಅದಕ್ಕೆ ಮೊದಲು ಲ್ಯಾಟಿನ್1 ಇತ್ತು. ಯುಟಿಎಫ್8ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತದ ಗುರುತಿಗೂ ಮೂರು ಬೈಟ್. 'ಹಾಸನ' ಅಂದರೆ ಹ, ದೀರ್ಘ, ಸ, ನ, ನಾಲ್ಕು ಕೋಡ್, 12 ಬೈಟ್. 'ಚಿಕ್ಕಮಗಳೂರು' ಕಣ್ಣಿಗೆ ಆರು ಅಕ್ಷರ, ಒಳಗೆ ಗುಡಿಸು, ಅರ್ಧಾಕ್ಷರದ ಗುರುತು, ಕೊಂಬು ಎಲ್ಲ ಸೇರಿ 11 ಕೋಡ್, 33 ಬೈಟ್. ಊರಿನ ಕಾಲಂಗೆ 10 ಅಂತ ಅಳತೆ ಕೊಟ್ಟಿದ್ದರೆ ನಮ್ಮೂರಿನ ಹೆಸರೇ ಹಿಡಿಯುವುದಿಲ್ಲ. ಹಳೆಯ ಮೂರು ಬೈಟಿನ 'ಯುಟಿಎಫ್8'ನಲ್ಲೂ ಕನ್ನಡ ಸರಿಯಾಗಿಯೇ ಕೂರುತ್ತದೆ, ಇಮೋಜಿ ಮಾತ್ರ ಕೂರುವುದಿಲ್ಲ, ಅದಕ್ಕೆ ನಾಲ್ಕು ಬೈಟ್ ಬೇಕು.

ಅಪಾಯ ಇರುವುದು ಬೇರೆ ಕಡೆ. ಹಳೆಯ ಪ್ರೋಗ್ರಾಮ್‌ಗಳು ಕನೆಕ್ಷನ್‌ನ ಅಕ್ಷರ ಸೆಟ್ ಹೇಳದೆ ಹಾಗೇ ಕನೆಕ್ಟ್ ಆಗುತ್ತಿದ್ದವು. ಸರ್ವರ್ ಅದನ್ನು ಲ್ಯಾಟಿನ್1 ಅಂದುಕೊಂಡು ಕನ್ನಡದ ಬೈಟ್‌ಗಳನ್ನು ಲ್ಯಾಟಿನ್1 ಕಾಲಂನಲ್ಲೇ ಇಟ್ಟುಕೊಂಡಿತು. ಪ್ರೋಗ್ರಾಮಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆ, ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಮಾತ್ರ ತಲೆ ಮೇಲೆ ಗೀಟು ಇರುವ ವಿಚಿತ್ರ ಅಕ್ಷರಗಳು. ನಿಮ್ಮಲ್ಲಿ ಹೀಗಿದ್ದರೆ ಅಪ್‌ಗ್ರೇಡ್ ಮಾಡುವ ಮೊದಲೇ ಸರಿ ಮಾಡಿ. ಯಾಕೆಂದರೆ 8.0ಕ್ಕೆ ಹೋದ ಕೂಡಲೇ ಕನೆಕ್ಷನ್ ಯುಟಿಎಫ್8ಎಂಬಿ4 ಆಗುತ್ತದೆ, ಪ್ರೋಗ್ರಾಮಿನಲ್ಲೂ ಆ ವಿಚಿತ್ರ ಅಕ್ಷರಗಳೇ ಬರುತ್ತವೆ. ಸರಿ ಮಾಡುವ ಕ್ರಮ: ಆ ಕಾಲಂನ್ನು ಮೊದಲು ಬ್ಲಾಬ್ ಅಥವಾ ವಾರ್‌ಬೈನರಿಗೆ ಬದಲಿಸಿ, ಆಗ ಸರ್ವರ್ ಬೈಟ್‌ಗಳನ್ನು ಮುಟ್ಟುವುದಿಲ್ಲ. ಆಮೇಲೆ ಅದನ್ನು ಯುಟಿಎಫ್8ಎಂಬಿ4ರ ಟೆಕ್ಸ್ಟ್ ಅಥವಾ ವಾರ್‌ಕ್ಯಾರ್ ಮಾಡಿ. ಪಿಎಚ್‌ಪಿಮೈಅಡ್ಮಿನ್‌ನ ಆಪರೇಶನ್ಸ್ ಟ್ಯಾಬಿನಲ್ಲಿ ಎಲ್ಲ ಟೇಬಲ್, ಎಲ್ಲ ಕಾಲಂಗಳ ಕೊಲೇಶನ್ (ಅಕ್ಷರಗಳನ್ನು ಹೋಲಿಸುವ, ಜೋಡಿಸುವ ನಿಯಮ) ಒಂದೇ ಸಲ ಬದಲಿಸುವ ಸೌಲಭ್ಯ ಇದೆ, ತುಂಬ ಅನುಕೂಲ, ಆದರೆ ಇಂಥ ಡೇಟಾ ಮೇಲೆ ಅದನ್ನು ನೇರವಾಗಿ ಒತ್ತಬೇಡಿ. ಕೆಟ್ಟ ರೂಪವೇ ಗಟ್ಟಿಯಾಗಿ ಕೂತು ಬಿಡುತ್ತದೆ. ಮತ್ತೆ, ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳು ಸೇವ್ ಆಗಿದ್ದರೆ ಅದನ್ನು ವಾಪಸ್ ತರಲು ಯಾವ ದಾರಿಯೂ ಇಲ್ಲ, ಹಳೆಯ ಬ್ಯಾಕಪ್ ಹುಡುಕಬೇಕು. ಯಾವುದೇ ಆಗಲಿ, ಪ್ರೋಗ್ರಾಮಿನಲ್ಲಿ ಕನೆಕ್ಟ್ ಆದ ತಕ್ಷಣ ಅಕ್ಷರ ಸೆಟ್ ಯುಟಿಎಫ್8ಎಂಬಿ4 ಅಂತ ಸ್ಪಷ್ಟವಾಗಿ ಹೇಳುವ ಒಂದು ಸಾಲು ಇರಲಿ.

ಮೈಎಸ್‌ಕ್ಯೂಎಲ್ 8.0ರಿಂದ ಡಂಪ್ ತೆಗೆದು ಕ್ಸಾಂಪ್‌ಗೆ ತುಂಬುವಾಗ 'ಯುಟಿಎಫ್8ಎಂಬಿ4_0900_ಎಐ_ಸಿಐ ಗೊತ್ತಿಲ್ಲ' ಅಂತ ಬರುತ್ತದೆ. 8.0ರ ಹೊಸ ಕೊಲೇಶನ್ ಅದು, ಕ್ಸಾಂಪ್ ಜೊತೆ ಬರುವ ಮರಿಯಾಡಿಬಿ 10.4ಕ್ಕೆ ಪರಿಚಯ ಇಲ್ಲ. ಡಂಪ್ ಫೈಲನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು ಆ ಹೆಸರಿದ್ದ ಕಡೆಯೆಲ್ಲ 'ಯುಟಿಎಫ್8ಎಂಬಿ4_ಯೂನಿಕೋಡ್_ಸಿಐ' ಅಂತ ಬದಲಿಸಿ ಸೇವ್ ಮಾಡಿದರೆ ಸಾಕು.

ಇದಕ್ಕೆಲ್ಲ ಸಿಗುವ ಲಾಭ

ಮಲೆನಾಡಿನವರಿಗೆ 8.0ರ ಒಂದು ಬದಲಾವಣೆ ತುಂಬ ಬೆಲೆಯದ್ದು. ತೂಕದ ಚೀಟಿಗೆ ತಾನಾಗಿ ಏರುವ ನಂಬರ್ ಇರುತ್ತದಲ್ಲ, ಆಟೋ ಇನ್‌ಕ್ರಿಮೆಂಟ್. ಮೊದಲು ಆ ಎಣಿಕೆ ಮೆಮೊರಿಯಲ್ಲಿ ಮಾತ್ರ ಇರುತ್ತಿತ್ತು. 3412ನೇ ಚೀಟಿ ತಪ್ಪಾಯಿತು ಅಂತ ಅಳಿಸಿದಿರಿ, ಅಷ್ಟರಲ್ಲಿ ಮಳೆ ಗಾಳಿಗೆ ಕರೆಂಟ್ ಹೋಯಿತು. ಕಂಪ್ಯೂಟರ್ ಮತ್ತೆ ಶುರುವಾದಾಗ ಸರ್ವರ್ ಟೇಬಲ್ ನೋಡಿ ದೊಡ್ಡ ನಂಬರ್ 3411, ಮುಂದಿನದು 3412 ಅಂತ ಲೆಕ್ಕ ಹಾಕುತ್ತದೆ. ಒಂದೇ ನಂಬರಿನ ಎರಡು ಚೀಟಿ ಜನರ ಕೈಯಲ್ಲಿ. 8.0ರಲ್ಲಿ ಆ ಎಣಿಕೆಯನ್ನು ಡಿಸ್ಕಿನಲ್ಲೇ ಬರೆದಿಡುತ್ತದೆ, ಕರೆಂಟ್ ಹೋಗಿ ಬಂದರೂ 3413ರಿಂದಲೇ ಮುಂದುವರಿಯುತ್ತದೆ. ವರ್ಷಗಟ್ಟಲೆ ರೈಟರ್‌ಗಳನ್ನು ಸುಮ್ನೆ ಅನುಮಾನದಿಂದ ನೋಡಿದ ಎಷ್ಟೋ ಜಗಳಗಳ ಮೂಲ ಇದೇ ಇರಬಹುದು ಅಂತ ನನಗೆ ಆಮೇಲೆ ಬೇಸರವಾಯಿತು.

ಟೇಬಲ್ ರಚನೆ ಬದಲಿಸುವಾಗ ನಡುವೆ ಕರೆಂಟ್ ಹೋದರೂ ಈಗ ಪೂರ್ತಿ ಆಗುತ್ತದೆ, ಇಲ್ಲ ಆಗುವುದೇ ಇಲ್ಲ, ಅರ್ಧಕ್ಕೆ ನಿಲ್ಲುವುದಿಲ್ಲ. ವಿಂಡೋ ಫಂಕ್ಷನ್ ಬಂದಿವೆ. 'ಸಮ್' ಜೊತೆ 'ಓವರ್' ಬರೆದರೆ ಒಬ್ಬೊಬ್ಬ ಆಳಿನ ದಿನದಿನದ ಕೊಯ್ಲು, ಪಕ್ಕದಲ್ಲಿ ಅವತ್ತಿನವರೆಗಿನ ಒಟ್ಟು, ಒಂದೇ ಕ್ವೆರಿಯಲ್ಲಿ. ಮೊದಲು ಇದಕ್ಕೆ ಪಿಎಚ್‌ಪಿಯಲ್ಲಿ ಲೂಪ್ ಬರೆಯುತ್ತಿದ್ದೆವು. ಮರಿಯಾಡಿಬಿಯಲ್ಲೂ 10.2ರಿಂದ ಇವೆ. ರೋಲ್‌ಗಳೂ ಬಂದಿವೆ, ರೈಟರ್‌ಗೆ ಒಂದು, ಅಕೌಂಟೆಂಟ್‌ಗೆ ಒಂದು ಅಂತ ಹಕ್ಕುಗಳ ಕಟ್ಟು ಮಾಡಿಟ್ಟುಕೊಳ್ಳಬಹುದು.

8.0 ಆದ ಮೇಲೆ ಹೆಸರಿಡುವ ಕ್ರಮ ಬದಲಾಗಿದೆ. 2024ರ ಏಪ್ರಿಲ್‌ನಲ್ಲಿ ಬಂದ 8.4 ದೀರ್ಘಾವಧಿಯದ್ದು, ಎಲ್‌ಟಿಎಸ್. 8.1ರಿಂದ 8.3, ಆಮೇಲೆ 9.0 ಇವೆಲ್ಲ ಇನೋವೇಶನ್ ಅನ್ನುವ ಸಾಲು, ಮೂರು ತಿಂಗಳಿಗೊಮ್ಮೆ ಬರುವಂಥವು. ನಂಬರ್ ದೊಡ್ಡದು ಅಂತ 9.0 ಹಾಕಬೇಡಿ. ಲೆಕ್ಕದ ಕೆಲಸಕ್ಕೆ ಎಲ್‌ಟಿಎಸ್ ಸಾಕು. 8.0ಕ್ಕೆ ಕೊಟ್ಟ ಗಡುವು 2026ರ ಏಪ್ರಿಲ್, ಹಾಗಾಗಿ ಈಗ ಹೊರಡುವವರು 8.4ನ್ನು ಗುರಿಯಾಗಿ ಇಟ್ಟುಕೊಳ್ಳಿ.

ಮಾಡುವ ದಿನ

ನಾನು ಏಪ್ರಿಲ್ ಆರಿಸುತ್ತೇನೆ. ಕೊಯ್ಲು ಮುಗಿದಿರುತ್ತದೆ, ಮಾರ್ಚ್ ಲೆಕ್ಕ ಮುಗಿದಿರುತ್ತದೆ, ಜೂನ್ ಮಳೆಗೆ ಇನ್ನೂ ಟೈಮ್ ಇರುತ್ತದೆ. ಭಾನುವಾರ ಬೇಡ, ಏನಾದರೂ ಆದರೆ ಕೇಳಲು ಯಾರೂ ಸಿಗುವುದಿಲ್ಲ. ಬಟವಾಡೆ ಆದ ಮರುವಾರದ ಸೋಮವಾರ ಒಳ್ಳೆಯದು, ಮುಂದಿನ ಶನಿವಾರಕ್ಕೆ ಐದು ದಿನ ಕೈಯಲ್ಲಿರುತ್ತದೆ.

ಮೊದಲು ಬ್ಯಾಕಪ್. ಎಷ್ಟೋ ಜನ ಕ್ಸಾಂಪ್‌ನ 'ಡೇಟಾ' ಫೋಲ್ಡರನ್ನು ಪೆನ್‌ಡ್ರೈವ್‌ಗೆ ಎಳೆದು ಬ್ಯಾಕಪ್ ಆಯಿತು ಅನ್ನುತ್ತಾರೆ. ಸರ್ವರ್ ಓಡುತ್ತಿರುವಾಗ ಎಳೆದದ್ದು, ಅದರಲ್ಲೂ ಒಂದೇ ಡೇಟಾಬೇಸಿನ ಫೋಲ್ಡರ್ ಮಾತ್ರ ಎಳೆದದ್ದು, ಹೊಸ ವರ್ಷನ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಕ್ಸ್‌ಪೋರ್ಟ್ ಮಾಡಿ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಎಕ್ಸ್‌ಪೋರ್ಟ್, ಕಸ್ಟಮ್, ಫೈಲನ್ನು ಜಿಜಿಪ್‌ನಲ್ಲಿ ಕುಗ್ಗಿಸುವ ಆಯ್ಕೆ. ಪ್ರೊಸೀಜರ್, ಟ್ರಿಗರ್ ಇದ್ದರೆ ಅದಕ್ಕೂ ಟಿಕ್ ಇದೆಯಾ ನೋಡಿ. ಯೂಸರ್‌ಗಳು ಈ ಫೈಲಿನಲ್ಲಿ ಬರುವುದಿಲ್ಲ, ಯೂಸರ್ ಅಕೌಂಟ್ಸ್ ಪೇಜಿನಿಂದ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ. ದೊಡ್ಡ ಡೇಟಾಬೇಸ್ ಆದರೆ ಕಮಾಂಡ್ ಲೈನ್‌ನಿಂದ ಮೈಎಸ್‌ಕ್ಯೂಎಲ್‌ಡಂಪ್ ಮೂಲಕ ತೆಗೆಯಿರಿ, ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಹಾಕಿ. ವಾಪಸ್ ತುಂಬುವಾಗ ಫೈಲ್ ದೊಡ್ಡದು ಅಂತ ಬಂದರೆ ಅದು ಪಿಎಚ್‌ಪಿಯ ಮಿತಿ, ಡೀಫಾಲ್ಟ್ ಅಪ್‌ಲೋಡ್ 2 ಎಂಬಿ, ಪೋಸ್ಟ್ 8 ಎಂಬಿ. ಎರಡನ್ನೂ ಏರಿಸಿ, ಇಲ್ಲವೇ ಕಾನ್ಫಿಗ್‌ನಲ್ಲಿ ಅಪ್‌ಲೋಡ್ ಫೋಲ್ಡರ್ ಹೆಸರು ಕೊಟ್ಟು ಫೈಲನ್ನು ಅಲ್ಲೇ ಇಟ್ಟು ಆರಿಸಿಕೊಳ್ಳಿ.

ಆಮೇಲೆ ಬೇರೆ ಕಂಪ್ಯೂಟರಿನಲ್ಲಿ ತಾಲೀಮು. ಹೊಸ ವರ್ಷನ್ ಹಾಕಿ, ಡಂಪ್ ತುಂಬಿ, ನಿಮ್ಮ ಪ್ರೋಗ್ರಾಮನ್ನು ಅದಕ್ಕೆ ಜೋಡಿಸಿ. ಮೈಎಸ್‌ಕ್ಯೂಎಲ್ ಶೆಲ್‌ನಲ್ಲಿ ಅಪ್‌ಗ್ರೇಡ್ ಚೆಕರ್ ಅಂತ ಒಂದಿದೆ, ಅದನ್ನು ಹಳೆಯ ಸರ್ವರ್ ಮೇಲೆ ಓಡಿಸಿದರೆ ರಿಸರ್ವ್ಡ್ ಹೆಸರು, ಸೊನ್ನೆ ತಾರೀಖು, ತೆಗೆದುಹಾಕಿದ ಮೋಡ್‌ಗಳು ಎಲ್ಲವನ್ನೂ ಪಟ್ಟಿ ಮಾಡಿ ಕೊಡುತ್ತದೆ. ಆದರೆ ಅದು ನೋಡುವುದು ಡೇಟಾಬೇಸನ್ನು, ನಿಮ್ಮ ಪಿಎಚ್‌ಪಿ ಕೋಡನ್ನಲ್ಲ. ಅದಕ್ಕೆ ನಾನು ಮಾಡುವುದು ಇಷ್ಟು: ಹಿಂದಿನ ಸೀಸನ್‌ನ ತುಂಬ ಜನ ಇದ್ದ ಒಂದು ವಾರ ಆರಿಸಿ, ಬಟವಾಡೆ ಪಟ್ಟಿಯನ್ನು ಹಳೆಯದರಲ್ಲೂ ಹೊಸದರಲ್ಲೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ರೈಟರನ್ನೂ ಕೂರಿಸಿಕೊಂಡು, ಸಾಲು ಸಾಲು ಓದುತ್ತೇವೆ. ಹೆಸರಿನ ಕ್ರಮ, ಕನ್ನಡ ಅಕ್ಷರ, ಕಿಲೋ, ಮೊತ್ತ. ಒಂದು ಸಾಲು ಹೊಂದದಿದ್ದರೂ ಅವತ್ತು ಮುಂದೆ ಹೋಗುವುದಿಲ್ಲ.

8.0.16ರಿಂದ ಒಳಗಿನ ಟೇಬಲ್‌ಗಳನ್ನು ಸರ್ವರ್ ತಾನೇ ಅಪ್‌ಗ್ರೇಡ್ ಮಾಡಿಕೊಳ್ಳುತ್ತದೆ, ಮೊದಲಿನ ಹಾಗೆ ಬೇರೆ ಕಮಾಂಡ್ ಬೇಡ. ಆದರೆ ಒಮ್ಮೆ ಹೊಸ ಸರ್ವರ್ ಆ ಡೇಟಾ ಫೋಲ್ಡರನ್ನು ತೆರೆದರೆ 8.0ರಿಂದ 5.7ಕ್ಕೆ ಹಾಗೇ ಇಳಿಯಲು ಬರುವುದಿಲ್ಲ. ವಾಪಸ್ ಬರಬೇಕಾದರೆ ಹಳೆಯ ಡಂಪ್ ಒಂದೇ ದಾರಿ. ಅದಕ್ಕೇ ಹಳೆಯ ಡಂಪ್, ಹಳೆಯ ಪಿಎಚ್‌ಪಿಮೈಅಡ್ಮಿನ್‌ನ ಕಾನ್ಫಿಗ್ ಫೈಲ್, ಹಳೆಯ ಇನ್‌ಸ್ಟಾಲರ್ ಮೂರನ್ನೂ ವೆಬ್ ಫೋಲ್ಡರಿನ ಹೊರಗೆ ಇಟ್ಟುಕೊಂಡು ನಾಲ್ಕು ಬಟವಾಡೆ ಸರಿಯಾಗಿ ಆಗುವ ತನಕ ಕಾಯಿರಿ. ಮರುಹೆಸರಿಟ್ಟ ಹಳೆಯ ಪಿಎಚ್‌ಪಿಮೈಅಡ್ಮಿನ್ ಫೋಲ್ಡರ್ ಮಾತ್ರ ಅಷ್ಟು ದಿನ ಬೇಡ, ಹೊರಗಿನಿಂದ ಯಾರಾದರೂ ಹೆಸರು ಊಹಿಸಿ ತೆರೆಯಬಹುದು, ಹೊಸದರಲ್ಲಿ ಲಾಗಿನ್ ಆದ ದಿನವೇ ಅದನ್ನು ಅಳಿಸಿ, ಜೊತೆಗೆ ಹೊಸದರೊಳಗಿನ 'ಸೆಟಪ್' ಫೋಲ್ಡರನ್ನೂ.